ಭೌತಶಾಸ್ತ್ರದ ಪದವಿಗೆ ಯಾವ ವಿಶ್ವವಿದ್ಯಾಲಯ? ಚರಿತ್ರೆಯಿಂದ ಕೆಲವು ಪಾಠಗಳು



ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ನಿಮಗೆ ಗೊತ್ತೇ ಇದೆ. ಅಂಕಪಟ್ಟಿ ಕೈಗೆ ಬರುವ ಮೊದಲೇ ಚಿಕ್ಕಪ್ಪ, ಮಾವ, ನೆರೆಮನೆಯವರು ಎಲ್ಲರೂ ಸಲಹೆಗಾರರಾಗಿರುತ್ತಾರೆ. ಮೆಡಿಕಲ್ ಸಿಕ್ಕಿತೇ, ಇಂಜಿನಿಯರಿಂಗ್ ಸಿಕ್ಕಿತೇ ಎಂಬುದು ಮೊದಲ ಪ್ರಶ್ನೆ. ಎರಡೂ ಸಿಗದಿದ್ದರೆ "ಹೋಗಲಿ ಬಿಡು, ಬಿ.ಎಸ್ಸಿ.ಯನ್ನಾದರೂ ಮಾಡು" ಎಂಬ ಸಮಾಧಾನದ ಮಾತು. ಹೀಗಿರುವಾಗ "ನನಗೆ ಭೌತಶಾಸ್ತ್ರವೇ ಬೇಕು" ಎಂದು ಇಷ್ಟಪಟ್ಟು ಹೇಳುವ ಹುಡುಗನಿಗಾಗಲಿ, ಹುಡುಗಿಗಾಗಲಿ ಎಲ್ಲಿ ಸೇರಬೇಕು, ಏನನ್ನು ನೋಡಿ ಸೇರಬೇಕು ಎಂದು ತಿಳಿಹೇಳಬಲ್ಲವರು ನಮ್ಮ ನಡುವೆ ಕಡಿಮೆ. ಕೊನೆಗೆ ಮನೆಯ ಮುಂದೆ ಬಸ್ಸು ಯಾವ ಕಡೆಗೆ ಹೋಗುತ್ತದೆಯೋ ಆ ಕಡೆಯ ಕಾಲೇಜಿಗೆ ಅರ್ಜಿ ಹಾಕಿ ಬರುತ್ತಾರೆ.

ನಮ್ಮ ಹಿಂದಿನ ತಲೆಮಾರುಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. ಅವರಲ್ಲಿ ಕೆಲವರ ವಿದ್ಯಾರ್ಥಿ ಜೀವನವನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ದೊಡ್ಡವರಾದ ಮೇಲೆ ಅವರು ಏನು ಸಾಧಿಸಿದರು ಎಂಬುದು ನಿಮಗೆ ಪಠ್ಯಪುಸ್ತಕದಲ್ಲೇ ಸಿಗುತ್ತದೆ. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ, ನಿಮ್ಮಂತೆಯೇ ಕೈಯಲ್ಲಿ ಅರ್ಜಿ ಹಿಡಿದು ನಿಂತಿದ್ದಾಗ ಅವರಿಗೆ ಯಾವ ಬಾಗಿಲು ತೆರೆಯಿತು, ಯಾವುದು ಮುಚ್ಚಿತು ಎಂಬುದನ್ನು ಮಾತ್ರ ನೋಡೋಣ.

ಊರೇ ವಿಶ್ವವಿದ್ಯಾಲಯವನ್ನು ತೀರ್ಮಾನಿಸುತ್ತಿದ್ದ ಕಾಲ

ನಮ್ಮ ದೇಶದಲ್ಲಿ ಆಧುನಿಕ ವಿಶ್ವವಿದ್ಯಾಲಯಗಳು ಪ್ರಾರಂಭವಾದದ್ದು 1857ರಲ್ಲಿ. ಕಲ್ಕತ್ತ, ಬೊಂಬಾಯಿ, ಮದರಾಸು ಎಂಬ ಮೂರು ನಗರಗಳಲ್ಲಿ ಅವು ಸ್ಥಾಪನೆಯಾದವು. ಆ ಕಾಲದಲ್ಲಿ ವಿಶ್ವವಿದ್ಯಾಲಯದ ಮುಖ್ಯ ಕೆಲಸ ಪರೀಕ್ಷೆ ನಡೆಸಿ ಪದವಿ ಕೊಡುವುದು; ಪಾಠ ನಡೆಯುತ್ತಿದ್ದುದು ಕಾಲೇಜುಗಳಲ್ಲಿ.

ಇಂದಿನ ಕರ್ನಾಟಕ ಆಗ ಒಂದೇ ಆಡಳಿತದಲ್ಲಿ ಇರಲಿಲ್ಲ. ಮಂಗಳೂರು ಮತ್ತು ಬಳ್ಳಾರಿಯ ವಿದ್ಯಾರ್ಥಿ ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುತ್ತಿದ್ದ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರು ಬೊಂಬಾಯಿ ವಿಶ್ವವಿದ್ಯಾಲಯಕ್ಕೆ ಸೇರಿದವರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಪುಣೆಗೋ ಬೊಂಬಾಯಿಗೋ ರೈಲು ಹತ್ತಬೇಕಿತ್ತು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಇತ್ತು. 1858ರಲ್ಲಿ ಹೈಸ್ಕೂಲಾಗಿ ಹುಟ್ಟಿ, 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆದ ಈ ಸಂಸ್ಥೆಯೂ ಮದರಾಸಿಗೇ ಸೇರಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಕಲಾ ವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಂಬ ಏರ್ಪಾಡಾಯಿತು. ವಿಶ್ವವಿದ್ಯಾಲಯದ ಹೆಸರಿನಲ್ಲಿ ಮೈಸೂರು ಇದ್ದರೂ ಭೌತಶಾಸ್ತ್ರ ಕಲಿಯಲು ಬೆಂಗಳೂರಿಗೇ ಬರಬೇಕಿತ್ತು.

ಕಲಬುರಗಿ, ರಾಯಚೂರು, ಬೀದರ್ ಆಗ ನಿಜಾಮರ ರಾಜ್ಯದಲ್ಲಿದ್ದವು. ಅಲ್ಲಿನವರಿಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ. 1918ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ವಿಶೇಷವೆಂದರೆ ವಿಜ್ಞಾನವನ್ನೂ ಉರ್ದು ಮಾಧ್ಯಮದಲ್ಲಿ ಕಲಿಸುತ್ತಿದ್ದುದು. ಇದಕ್ಕಾಗಿ ಒಂದು ವರ್ಷ ಮೊದಲೇ ಭಾಷಾಂತರ ಸಂಸ್ಥೆಯೊಂದನ್ನು ಸ್ಥಾಪಿಸಿ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಲಾಗಿತ್ತು. ಭಾರತೀಯ ಭಾಷೆಯೊಂದರಲ್ಲಿ ವಿಶ್ವವಿದ್ಯಾಲಯ ಮಟ್ಟದ ವಿಜ್ಞಾನ ಬೋಧನೆ ಸಾಧ್ಯ ಎಂದು ತೋರಿಸಿಕೊಟ್ಟ ದೊಡ್ಡ ಪ್ರಯೋಗ ಅದು. 1948ರ ನಂತರ ಅಲ್ಲಿಯೂ ಇಂಗ್ಲಿಷ್ ಮಾಧ್ಯಮ ಬಂದಿತು.

ಇದರ ಅರ್ಥ ಏನು? ನಮ್ಮ ಅಜ್ಜಂದಿರ ಕಾಲದಲ್ಲಿ ಆಯ್ಕೆ ಎಂಬುದು ಬಹುಮಟ್ಟಿಗೆ ಇರಲಿಲ್ಲ. ಯಾವ ಗಡಿಯ ಒಳಗೆ ಹುಟ್ಟಿದ್ದೀರಿ, ರೈಲಿನ ಖರ್ಚು ಎಷ್ಟು, ಪೇಟೆಯಲ್ಲಿ ಉಳಿದುಕೊಳ್ಳಲು ಬಂಧುಗಳ ಮನೆ ಇದೆಯೇ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು. ಇಂದು ಆಯ್ಕೆ ನಿಮ್ಮ ಕೈಯಲ್ಲಿದೆ. ಆದರೂ ನಾವು ಬಸ್ಸಿನ ದಾರಿ ನೋಡಿಯೇ ಕಾಲೇಜು ಆರಿಸಿದರೆ ಆ ಸ್ವಾತಂತ್ರ್ಯಕ್ಕೆ ಬೆಲೆ ಕೊಟ್ಟಂತಾಗುವುದಿಲ್ಲ.

ಅಲಿಗಢದ ಉದ್ದೇಶ

ನಮ್ಮ ಸಮುದಾಯದ ಶಿಕ್ಷಣದ ಚರಿತ್ರೆಯನ್ನು ಹೇಳುವಾಗ ಸರ್ ಸಯ್ಯದ್ ಅಹ್ಮದ್ ಖಾನ್ ಅವರನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ಅವರು ಕಾಲೇಜು ಕಟ್ಟುವ ಎಷ್ಟೋ ಮೊದಲು, 1864ರಲ್ಲಿ, ಗಾಜಿಪುರದಲ್ಲಿ ಸೈಂಟಿಫಿಕ್ ಸೊಸೈಟಿಯನ್ನು ಸ್ಥಾಪಿಸಿದರು. ಇಂಗ್ಲಿಷಿನಲ್ಲಿದ್ದ ವಿಜ್ಞಾನ ಮತ್ತಿತರ ವಿಷಯಗಳ ಪುಸ್ತಕಗಳನ್ನು ಉರ್ದುವಿಗೆ ತರುವುದು ಅದರ ಕೆಲಸವಾಗಿತ್ತು. 1869ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ವಿದ್ಯಾಸಂಸ್ಥೆಗಳನ್ನು ಕಣ್ಣಾರೆ ನೋಡಿ ಬಂದ ಮೇಲೆ 1875ರಲ್ಲಿ ಅಲಿಗಢದಲ್ಲಿ ಶಾಲೆಯನ್ನು ತೆರೆದರು. ಅದೇ ಮೊಹಮ್ಮಡನ್ ಆಂಗ್ಲೋ ಓರಿಯಂಟಲ್ ಕಾಲೇಜಾಗಿ ಬೆಳೆದು, 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯವಾಯಿತು.

ಅಲ್ಲಿಯೇ ಓದಿ, ಕೇಂಬ್ರಿಜ್ ಮತ್ತು ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಗಣಿತ ಕಲಿತು, ಅಲಿಗಢಕ್ಕೇ ಹಿಂದಿರುಗಿ ಬಂದವರು ಡಾ. ಜಿಯಾವುದ್ದೀನ್ ಅಹ್ಮದ್. ಮುಂದೆ ಅವರು ಅದರ ಉಪಕುಲಪತಿಯೂ ಆದರು. 1930ರಲ್ಲಿ ಅಲ್ಲಿ ಗಣಿತ ಕಲಿಸಲು ಬಂದವರು ಫ್ರಾನ್ಸಿನ ಆಂದ್ರೆ ವೆಯ್ಲ್. ಆ ಯುವಕ ಮುಂದೆ ಇಪ್ಪತ್ತನೆಯ ಶತಮಾನದ ಮಹಾನ್ ಗಣಿತಜ್ಞರಲ್ಲಿ ಒಬ್ಬರೆನಿಸಿದರು. ಸ್ವಾತಂತ್ರ್ಯಾನಂತರ ಭೌತಶಾಸ್ತ್ರ ವಿಭಾಗವನ್ನು ಬಹುಕಾಲ ನಡೆಸಿದವರು ವಿಶ್ವಕಿರಣಗಳ ಸಂಶೋಧಕ ಪ್ರೊ. ಪಿಯಾರಾ ಸಿಂಗ್ ಗಿಲ್. ಫ್ರಾನ್ಸಿನವರಾಗಲಿ, ಸಿಖ್ಖರಾಗಲಿ, ಕಲಿಸಬಲ್ಲವರು ಎಲ್ಲಿಂದ ಬಂದರೂ ಅಲಿಗಢ ಅವರನ್ನು ಬರಮಾಡಿಕೊಂಡಿತು. ಕಾಲೇಜನ್ನು ಆರಿಸುವವರು ಗಮನಿಸಬೇಕಾದ ಮೊದಲ ಸಂಗತಿ ಇದು. ಸಂಸ್ಥೆ ನಮ್ಮವರದು ಎಂಬ ಪ್ರೀತಿ ಇರಲಿ, ಆದರೆ ಅಲ್ಲಿ ಪಾಠ ಮಾಡುವವರು ಯಾರು ಎಂದು ಕೇಳಿಯೇ ಸೇರಬೇಕು.

ರಾಮನ್ ಅವರಿಗೆ ಸಿಕ್ಕಿದ ತೆರೆದ ಬಾಗಿಲು

ಸಿ.ವಿ. ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು. 1904ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಮೊದಲ ಸ್ಥಾನ, ಭೌತಶಾಸ್ತ್ರಕ್ಕೆ ಚಿನ್ನದ ಪದಕ. ಉಚ್ಚ ಶಿಕ್ಷಣಕ್ಕೆ ಇಂಗ್ಲೆಂಡಿಗೆ ಹೋಗುವಂತೆ ಅಧ್ಯಾಪಕರು ಹೇಳಿದರು. ಆದರೆ ದೇಹಸ್ಥಿತಿ ಅಲ್ಲಿನ ಹವೆಯನ್ನು ತಾಳದು ಎಂದು ಮದರಾಸಿನ ಸಿವಿಲ್ ಸರ್ಜನ್ ವರದಿ ಕೊಟ್ಟರು. ವಿಲಾಯತಿನ ಬಾಗಿಲು ಅಲ್ಲಿಗೆ ಮುಚ್ಚಿತು.

ರಾಮನ್ ಎಂ.ಎ.ಗೂ ಪ್ರೆಸಿಡೆನ್ಸಿಯಲ್ಲೇ ಉಳಿದರು. ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೋನ್ಸ್ ಅವರು ಈ ಹುಡುಗನ ಶಕ್ತಿಯನ್ನು ಗುರುತಿಸಿದರು. ತರಗತಿಗೆ ಬರಲೇಬೇಕೆಂದು ಒತ್ತಾಯಿಸದೆ, ಪ್ರಯೋಗಾಲಯದಲ್ಲಿ ತನಗೆ ಇಷ್ಟವಾದ ಪ್ರಯೋಗ ಮಾಡಿಕೊಳ್ಳಲು ಬಿಟ್ಟರು. ಬೆಳಕಿನ ವಿವರ್ತನೆಯ ಬಗ್ಗೆ ರಾಮನ್ ಬರೆದ ಮೊದಲ ಪ್ರಬಂಧ 1906ರಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಹದಿನೆಂಟು.

1907ರಲ್ಲಿ ಹಣಕಾಸು ಇಲಾಖೆಯ ಕೆಲಸ ಸಿಕ್ಕಿ ಕಲ್ಕತ್ತಕ್ಕೆ ಹೋದಾಗಲೂ ಅವರು ಮೊದಲು ಹುಡುಕಿದ್ದು ಪ್ರಯೋಗಾಲಯವನ್ನು. ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸಾರ್ವಜನಿಕ ಚಂದಾ ಎತ್ತಿ ಕಟ್ಟಿದ ಇಂಡಿಯನ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆ ಅಲ್ಲಿತ್ತು. ಕಚೇರಿಗೆ ಹೋಗುವ ಮೊದಲು ಮತ್ತು ಕಚೇರಿ ಬಿಟ್ಟ ಮೇಲೆ ಹತ್ತು ವರ್ಷ ಅವರು ಅಲ್ಲಿ ದುಡಿದರು. 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮ ಕಂಡದ್ದೂ ಅದೇ ಪ್ರಯೋಗಾಲಯದಲ್ಲಿ. 1930ರಲ್ಲಿ ನೊಬೆಲ್ ಬಂತು. ಮುಂದೆ 1933ರಿಂದ ಅವರು ನಮ್ಮ ಬೆಂಗಳೂರಿನವರೇ ಆದರು.

ವಿದ್ಯಾರ್ಥಿಗಳೇ, ಭೌತಶಾಸ್ತ್ರ ಕೈಯಿಂದ ಕಲಿಯುವ ವಿದ್ಯೆ. ಕಾಲೇಜಿನ ಕಟ್ಟಡ ಎಷ್ಟು ಮಹಡಿಯದು ಎಂದು ನೋಡುವ ಬದಲು ಪ್ರಯೋಗಾಲಯದ ಬಾಗಿಲು ವಾರಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ವಿಚಾರಿಸಿ. ಅಲ್ಲಿ ಓದುತ್ತಿರುವ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಕೇಳಿ: ಸ್ಪೆಕ್ಟ್ರೋಮೀಟರ್ ಹೊಂದಿಸಿ ನೀನೇ ರೀಡಿಂಗ್ ತೆಗೆದಿದ್ದೀಯಾ, ಅಥವಾ ಹಿಂದಿನ ವರ್ಷದ ರೆಕಾರ್ಡ್ ಪುಸ್ತಕದಿಂದ ನಕಲು ಮಾಡಿದ್ದೀಯಾ? ಯಾವ ಜಾಹೀರಾತೂ ಹೇಳದ ವಿಷಯವನ್ನು ಅವನ ಉತ್ತರ ನಿಮಗೆ ಹೇಳುತ್ತದೆ.

ಸಣ್ಣ ಊರಿನ ಕಾಲೇಜು ಕೊನೆಯ ನಿಲ್ದಾಣವಲ್ಲ

ಎಲ್ಲರಿಗೂ ದೊಡ್ಡ ನಗರಕ್ಕೆ ಹೋಗಲು ಆಗುವುದಿಲ್ಲ. ಅಂಥವರು ಪ್ರೊ. ಯು.ಆರ್. ರಾವ್ ಅವರ ಉದಾಹರಣೆಯನ್ನು ನೆನಪಿಡಬೇಕು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಅವರು ಹೈಸ್ಕೂಲು ಓದಿದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ, ಇಂಟರ್‌ಮೀಡಿಯೆಟ್ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ, ಬಿ.ಎಸ್ಸಿ. ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ. 1951ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೇಲೆ ಎಂ.ಎಸ್ಸಿ.ಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಸಂಶೋಧನೆಗೆ ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಬಳಿಗೆ ಹೋದರು. 1975ರಲ್ಲಿ ಆರ್ಯಭಟ ಉಪಗ್ರಹವನ್ನು ರೂಪಿಸಿದ ತಂಡದ ನಾಯಕರು ಅವರೇ. ಮುಂದೆ ಇಸ್ರೋದ ಅಧ್ಯಕ್ಷರಾದರು.

ಒಂದೊಂದು ಹೆಜ್ಜೆಗೂ ಒಂದೊಂದು ಊರು. ಬಳ್ಳಾರಿ, ಅನಂತಪುರದಲ್ಲಿ ಓದಿದೆನೆಂಬ ಕೀಳರಿಮೆ ಅವರನ್ನು ತಡೆಯಲಿಲ್ಲ. ಅಲ್ಲಿಯೇ ಸಾಕು ಎಂದು ಅವರು ಕೂರಲೂ ಇಲ್ಲ. ಪದವಿ ಕಾಲೇಜು ಹತ್ತಿರದ್ದೇ ಆಗಿದ್ದರೂ ತೊಂದರೆ ಇಲ್ಲ, ಮುಂದಿನ ಹೆಜ್ಜೆ ಎಲ್ಲಿಗೆ ಎಂದು ಮೊದಲ ವರ್ಷದಲ್ಲೇ ಯೋಚಿಸಿರಬೇಕು.

ಕಲಾಂ ಅವರು ತಡವಾಗಿ ತಿಳಿದುಕೊಂಡದ್ದು

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರನ್ನು ನಮ್ಮ ಸಭೆಗಳಲ್ಲಿ ಹೇಳದ ಭಾಷಣವಿಲ್ಲ. ಆದರೆ ಅವರ ಪದವಿ ಶಿಕ್ಷಣದ ಕಥೆಯಲ್ಲಿ ಇರುವ ಒಂದು ಎಚ್ಚರಿಕೆಯನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ರಾಮೇಶ್ವರದ ಹುಡುಗ ರಾಮನಾಥಪುರದ ಶ್ವಾರ್ಟ್ಜ್ ಹೈಸ್ಕೂಲು ಮುಗಿಸಿ 1950ರಲ್ಲಿ ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜು ಸೇರಿದರು. ಇಂಟರ್‌ಮೀಡಿಯೆಟ್ ನಂತರ ಅಲ್ಲಿಯೇ ಬಿ.ಎಸ್ಸಿ. ಭೌತಶಾಸ್ತ್ರ, 1954ರಲ್ಲಿ ಪದವಿ. ಕಾಲೇಜು ಒಳ್ಳೆಯದೇ, ಅಧ್ಯಾಪಕರೂ ಒಳ್ಳೆಯವರೇ. ಪರಮಾಣುವಿನ ಒಳಗಿನ ಕಣಗಳ ಬಗ್ಗೆ ತಮಗೆ ಅಲ್ಲಿಯೇ ಆಸಕ್ತಿ ಹುಟ್ಟಿತೆಂದು ಅವರು ತಮ್ಮ ಆತ್ಮಕಥೆ 'ವಿಂಗ್ಸ್ ಆಫ್ ಫೈರ್' ಪುಸ್ತಕದಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದ್ದಾರೆ. ಬಿ.ಎಸ್ಸಿ.ಗೆ ಸೇರುವಾಗ ಬೇರೆ ದಾರಿಗಳಿವೆ ಎಂಬುದೇ ತಮಗೆ ತಿಳಿದಿರಲಿಲ್ಲ; ತಮ್ಮ ಕನಸಿಗೆ ಬೇಕಾದದ್ದು ಇಂಜಿನಿಯರಿಂಗ್ ಎಂದು ಅರಿವಾದದ್ದು ಪದವಿ ಮುಗಿದ ಮೇಲೆ ಎಂಬುದೇ ಆ ಮಾತಿನ ಸಾರ.

ಆಮೇಲೆ ಮದರಾಸಿನ ಎಂ.ಐ.ಟಿ.ಯಲ್ಲಿ ಸೀಟು ಸಿಕ್ಕಿತು. ಪ್ರವೇಶಕ್ಕೆ ಬೇಕಾದ ಸುಮಾರು ಒಂದು ಸಾವಿರ ರೂಪಾಯಿ ಮನೆಯಲ್ಲಿ ಇರಲಿಲ್ಲ. ಅಕ್ಕ ಜೋಹರಾ ತಮ್ಮ ಚಿನ್ನದ ಬಳೆ ಮತ್ತು ಸರವನ್ನು ಗಿರವಿ ಇಟ್ಟು ಹಣ ತಂದುಕೊಟ್ಟರು. ಆ ಋಣವನ್ನು ಕಲಾಂ ಜೀವನವಿಡೀ ನೆನೆದರು.

ಭೌತಶಾಸ್ತ್ರದ ಆ ವರ್ಷಗಳು ಅವರಿಗೆ ವ್ಯರ್ಥವಾದವು ಎಂದು ನಾನು ಹೇಳುವುದಿಲ್ಲ. ಮುಂದಿನ ಕೆಲಸಕ್ಕೆ ಅದೇ ಬುನಾದಿಯಾಯಿತು. ಆದರೆ ಮಾಹಿತಿ ಇಲ್ಲದೆ ಆರಿಸುವುದಕ್ಕೂ ತಿಳಿದು ಆರಿಸುವುದಕ್ಕೂ ವ್ಯತ್ಯಾಸವಿದೆ. ಭೌತಶಾಸ್ತ್ರ ಪದವಿ ಏಕೆ ಬೇಕು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಯಂತ್ರ ಕಟ್ಟುವ ಆಸೆಯೇ, ಪ್ರಕೃತಿಯ ನಿಯಮ ತಿಳಿಯುವ ಆಸೆಯೇ, ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವ ಆಸೆಯೇ? ಮೂರಕ್ಕೂ ಬೇರೆ ಬೇರೆ ದಾರಿಗಳಿವೆ. ಕಲಿಸುವ ಆಸೆ ಇದ್ದವರಿಗೆ ವಿಜ್ಞಾನ ಪದವಿ ಮತ್ತು ಬಿ.ಎಡ್. ಎರಡನ್ನೂ ಜೊತೆಯಾಗಿ ನಾಲ್ಕು ವರ್ಷಗಳಲ್ಲಿ ಕೊಡುವ ಕೋರ್ಸುಗಳಿವೆ. 1963ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದಕ್ಕೆ ಹೆಸರಾದದ್ದು. ಇದು ಎಷ್ಟು ಮನೆಗಳಿಗೆ ಗೊತ್ತು?

ಅನ್ನಾ ಮಣಿಯವರಿಗೆ ಸಿಗದ ಪದವಿ

ಈಗ ವಿಶೇಷವಾಗಿ ನಮ್ಮ ವಿದ್ಯಾರ್ಥಿನಿಯರು ಓದಬೇಕಾದ ಒಂದು ಪ್ರಸಂಗ. 1918ರಲ್ಲಿ ತಿರುವಾಂಕೂರಿನಲ್ಲಿ ಹುಟ್ಟಿದ ಅನ್ನಾ ಮಣಿ ಎಂಬವರು ಮದರಾಸಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳಿಂದ ಹೊರಡುವ ಬೆಳಕಿನ ವರ್ಣಪಟಲವನ್ನು ಅಧ್ಯಯನ ಮಾಡಿದರು. ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು. 1945ರಲ್ಲಿ ಪಿಎಚ್.ಡಿ.ಗಾಗಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ವಿಜ್ಞಾನ ಸಂಸ್ಥೆಯ ಕೆಲಸಕ್ಕೆ ಆಗ ಡಾಕ್ಟರೇಟ್ ಕೊಡಬೇಕಾಗಿದ್ದುದು ಆ ವಿಶ್ವವಿದ್ಯಾಲಯ.

ಪದವಿ ಸಿಗಲಿಲ್ಲ. ಎಂ.ಎಸ್ಸಿ. ಆಗಿಲ್ಲ, ಆದ್ದರಿಂದ ಪಿಎಚ್.ಡಿ. ಕೊಡಲಾಗದು ಎಂಬುದು ವಿಶ್ವವಿದ್ಯಾಲಯದ ಉತ್ತರ. ಆನರ್ಸ್ ಪದವಿ ಇತ್ತು, ಸ್ಪರ್ಧೆಯಲ್ಲಿ ಗೆದ್ದ ವಿದ್ಯಾರ್ಥಿವೇತನ ಇತ್ತು, ಐದು ವರ್ಷದ ಕೆಲಸ ಕಣ್ಣ ಮುಂದೆ ಇತ್ತು. ಯಾವುದೂ ಪರಿಗಣನೆಗೆ ಬರಲಿಲ್ಲ. ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು. ಅನ್ನಾ ಮಣಿ ಧೃತಿಗೆಡದೆ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿಷಯ ಕಲಿತು, 1948ರಲ್ಲಿ ಹಿಂದಿರುಗಿ ಭಾರತೀಯ ಹವಾಮಾನ ಇಲಾಖೆ ಸೇರಿದರು. ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ದೇಶದಲ್ಲೇ ತಯಾರಿಸುವ ಕೆಲಸದಲ್ಲಿ ಅವರದು ದೊಡ್ಡ ಹೆಸರು. ಅವರು ಗೆದ್ದರು, ನಿಜ. ಆದರೆ ಒಂದು ನಿಯಮದಿಂದ ಅವರಿಗೆ ಆದ ಅನ್ಯಾಯ ಅನ್ಯಾಯವೇ.

ನಿಯಮಗಳು ಇಂದಿಗೂ ಬದಲಾಗುತ್ತಿರುತ್ತವೆ. ನಮ್ಮ ರಾಜ್ಯದಲ್ಲೇ ನೋಡಿ: 2021-22ರಲ್ಲಿ ನಾಲ್ಕು ವರ್ಷದ ಪದವಿ ಪದ್ಧತಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ನಿಮ್ಮ ಪದವಿ ಎಷ್ಟು ವರ್ಷದ್ದು, ಭೌತಶಾಸ್ತ್ರದ ಜೊತೆ ಗಣಿತ ಇದೆಯೇ, ನೀವು ಮುಂದೆ ಸೇರಬೇಕೆಂದಿರುವ ಎಂ.ಎಸ್ಸಿ.ಗೆ ಅಥವಾ ವಿದೇಶದ ವಿಶ್ವವಿದ್ಯಾಲಯಕ್ಕೆ ಅದು ಸಾಲುತ್ತದೆಯೇ ಎಂಬುದನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ನೋಡಿಕೊಳ್ಳಿ. "ಎಲ್ಲ ನಡೆಯುತ್ತದೆ" ಎಂದು ಯಾರೋ ಹೇಳಿದ ಮಾತನ್ನು ನಂಬಿ ಮೂರು ವರ್ಷ ಕಳೆಯಬೇಡಿ.

ಸಲಾಂ ಅವರಿಗೆ ಸಮಯಕ್ಕೆ ಸಿಕ್ಕಿದ ಹಣ

ಕೊನೆಯದಾಗಿ ಪ್ರೊ. ಅಬ್ದುಸ್ಸಲಾಂ. 1979ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅವರ ಪಂಗಡದ ಕುರಿತು ಇರುವ ಅಭಿಪ್ರಾಯಭೇದ ಈ ಲೇಖನದ ವಿಷಯವಲ್ಲ. ವಿದ್ಯಾರ್ಥಿಯಾಗಿ ಅವರು ನಡೆದ ದಾರಿಯನ್ನಷ್ಟೇ ನೋಡೋಣ.

1926ರಲ್ಲಿ ಹುಟ್ಟಿ ಪಂಜಾಬಿನ ಝಂಗ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಇಡೀ ಪಂಜಾಬಿಗೆ ಮೊದಲಿಗರಾದರು. ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ 1946ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿದರು. ತಂದೆ ಶಿಕ್ಷಣ ಇಲಾಖೆಯ ನೌಕರರು. ವಿಲಾಯತಿಗೆ ಕಳಿಸುವ ಶಕ್ತಿ ಮನೆಗೆ ಇರಲಿಲ್ಲ. ಅದೇ ಸಮಯಕ್ಕೆ, ಯುದ್ಧಕ್ಕೆಂದು ಪಂಜಾಬಿನಲ್ಲಿ ಸಂಗ್ರಹಿಸಿದ್ದ ನಿಧಿಯಲ್ಲಿ ಉಳಿದ ಹಣದಿಂದ ಸಣ್ಣ ರೈತರ ಮಕ್ಕಳಿಗೆ ವಿದೇಶದ ವಿದ್ಯಾರ್ಥಿವೇತನ ಕೊಡಲು ತೀರ್ಮಾನವಾಯಿತು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಅನಿರೀಕ್ಷಿತವಾಗಿ ಒಂದು ಸ್ಥಾನ ಖಾಲಿಯಾಯಿತು. ಸಲಾಂ 1946ರ ಅಕ್ಟೋಬರಿನಲ್ಲಿ ಅಲ್ಲಿದ್ದರು.

ಸಲಾಂ ಅವರೇ ಹೇಳಿಕೊಂಡಂತೆ, ಅವರ ಜೊತೆ ಆಯ್ಕೆಯಾಗಿದ್ದ ಉಳಿದವರಿಗೆ ಆ ವರ್ಷ ಪ್ರವೇಶ ಸಿಗಲಿಲ್ಲ, ಮುಂದಿನ ವರ್ಷಕ್ಕೆ ಕಾಯಬೇಕಾಯಿತು. ಮುಂದಿನ ವರ್ಷವೆಂದರೆ 1947. ದೇಶ ವಿಭಜನೆಯಾಯಿತು, ಆ ವಿದ್ಯಾರ್ಥಿವೇತನವೂ ಅದರಲ್ಲಿ ಕಳೆದುಹೋಯಿತು. ಒಂದೇ ವರ್ಷದ ಅಂತರ!

ಇನ್ನೊಂದು ಸಂಗತಿ. ಎಂ.ಎ. ಆಗಿದ್ದರೂ ಸಲಾಂ ಕೇಂಬ್ರಿಜ್‌ನಲ್ಲಿ ಮತ್ತೆ ಬಿ.ಎ. ತರಗತಿಯಲ್ಲಿ ಕುಳಿತರು. ಮೊದಲು ಗಣಿತ ಮುಗಿಸಿ, ಆಮೇಲೆ ಪ್ರಯೋಗದ ಅನುಭವ ಬೇಕೆಂಬ ಹಿರಿಯರ ಸಲಹೆಯಂತೆ ಭೌತಶಾಸ್ತ್ರದ ಕೋರ್ಸನ್ನು ಒಂದೇ ವರ್ಷದಲ್ಲಿ ಮಾಡಿ, 1949ರಲ್ಲಿ ಪ್ರಥಮ ದರ್ಜೆ ಪಡೆದರು. ಬುನಾದಿ ಗಟ್ಟಿಯಾಗಲೆಂದು ಒಂದು ಮೆಟ್ಟಿಲು ಕೆಳಗೆ ಇಳಿದು ಮತ್ತೆ ಹತ್ತುವುದರಲ್ಲಿ ಅವಮಾನವಿಲ್ಲ. 1964ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ ಅವರು ಭೌತಶಾಸ್ತ್ರ ಕೇಂದ್ರವೊಂದನ್ನು ಸ್ಥಾಪಿಸಿದ್ದು ಬಡ ದೇಶಗಳ ವಿಜ್ಞಾನಿಗಳಿಗೂ ಬಾಗಿಲು ತೆರೆಯಲೆಂದೇ.

ಹಾಗಾದರೆ ನೀವು ಏನನ್ನು ಕೇಳಬೇಕು?

ಇಂದು ನಿಮ್ಮ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ನಿಮ್ಮ ಜಿಲ್ಲೆಯ ಸರ್ಕಾರಿ, ಅನುದಾನಿತ ಅಥವಾ ಖಾಸಗಿ ಪದವಿ ಕಾಲೇಜು. ಖರ್ಚು ಕಡಿಮೆ, ಮನೆಯಿಂದಲೇ ಹೋಗಿಬರಬಹುದು. ಎರಡು, ಕೇಂದ್ರೀಯ ವಿಶ್ವವಿದ್ಯಾಲಯಗಳು. ಇವುಗಳಲ್ಲಿ ಹೆಚ್ಚಿನವಕ್ಕೆ 2022ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಮೂರು, ಸಂಶೋಧನೆಗೆ ಒತ್ತು ಕೊಡುವ ಸಂಸ್ಥೆಗಳು. 2006ರಿಂದ ಪುಣೆ, ಕೋಲ್ಕತ್ತ ಮೊದಲಾದ ನಗರಗಳಲ್ಲಿ ತೆರೆದ ಐಸರ್‌ಗಳು, ಮತ್ತು 2011ರಲ್ಲಿ ಪದವಿ ತರಗತಿ ಪ್ರಾರಂಭಿಸಿದ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಗುಂಪಿನವು. ಇವಕ್ಕೆ ಕಠಿಣ ಪ್ರವೇಶ ಪರೀಕ್ಷೆ ಇದೆ. ಅರ್ಜಿಯ ದಿನಾಂಕ ಪಿ.ಯು.ಸಿ. ಫಲಿತಾಂಶಕ್ಕೆ ಮೊದಲೇ ಮುಗಿದಿರಬಹುದು. ಫಲಿತಾಂಶ ಬಂದ ಮೇಲೆ ನೋಡೋಣ ಎನ್ನುವವರು ಆ ವರ್ಷ ತಪ್ಪಿಸಿಕೊಳ್ಳಬಹುದು.

ಯಾವ ದಾರಿಯಾದರೂ ಐದು ಪ್ರಶ್ನೆ ಕೇಳಿ. ಕಲಿಸುವವರು ಯಾರು, ಎಲ್ಲ ಹುದ್ದೆಗಳೂ ತುಂಬಿವೆಯೇ? ಪ್ರಯೋಗಾಲಯದಲ್ಲಿ ನಾನೇ ಕೈಯಾರೆ ಪ್ರಯೋಗ ಮಾಡಬಹುದೇ? ಇಲ್ಲಿಂದ ಹಿಂದಿನ ವರ್ಷಗಳಲ್ಲಿ ಹೊರಬಂದವರು ಈಗ ಎಲ್ಲಿದ್ದಾರೆ? ಈ ಪದವಿ ಮುಂದಿನ ಬಾಗಿಲಿನಲ್ಲಿ ಚಲಾವಣೆಯಾಗುತ್ತದೆಯೇ? ಮೂರು ಅಥವಾ ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್, ಊಟ ಎಲ್ಲ ಸೇರಿ ಖರ್ಚು ಎಷ್ಟು, ಅದು ಎಲ್ಲಿಂದ ಬರುತ್ತದೆ?

ಊರಿನ ಕಾಲೇಜಿನಲ್ಲೇ ಓದುವವರು ನಿರಾಶರಾಗಬೇಕಿಲ್ಲ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿ ದೇಶದ ಇತರ ಎರಡು ಅಕಾಡೆಮಿಗಳ ಜೊತೆ ಸೇರಿ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆಯ ಸಂಶೋಧನಾ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಐ.ಐ.ಟಿ.ಗಳ ಎಂ.ಎಸ್ಸಿ.ಗೆ ಜ್ಯಾಮ್ ಎಂಬ ಪರೀಕ್ಷೆ ಇದೆ. ಅಲ್ಲಿ ನೀವು ಯಾವ ಕಾಲೇಜಿನವರು ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ.

ಸಂಘದ ಸದಸ್ಯರಲ್ಲಿ ಒಂದು ಬಿನ್ನಹ

ಮಾನ್ಯ ಸದಸ್ಯರೇ, ಈ ಮಾತು ನಿಮಗಾಗಿ. ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವ ಅವಕಾಶ ನನಗೆ ಕೆಲವು ವರ್ಷ ಸಿಕ್ಕಿತ್ತು. ಒಂದು ವರ್ಷ ಒಬ್ಬ ಹು​ಡುಗಿ ಹೊರ ಊರಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕೆ ಸ್ಥಾನ ಪಡೆದಿದ್ದಳು. ಜುಲೈ ಕೊನೆಯೊಳಗೆ ಶುಲ್ಕ ಕಟ್ಟಬೇಕಿತ್ತು. ಸಹಾಯಧನ ಮಂಜೂರಾದದ್ದು ಡಿಸೆಂಬರ್ ಸಮಾರಂಭದಲ್ಲಿ. ಅಷ್ಟರಲ್ಲಿ ಅವಳು ಊರಿನಲ್ಲೇ ಬಿ.ಕಾಂ. ಸೇರಿ ಆಗಿತ್ತು. ವೇದಿಕೆಯ ಮೇಲೆ ಚೆಕ್ ತೆಗೆದುಕೊಳ್ಳಲು ಬಂದಾಗ ಅವಳು ನಗುತ್ತಲೇ ಇದ್ದಳು. ನನಗೆ ಮಾತ್ರ ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ.

ಸರ್ಕಾರದ ನೆರವು ಸದಾ ಇರುತ್ತದೆಂದೂ ನಂಬಿ ಕೂರುವಂತಿಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಲ್ಲಿ ಬಂದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸುವುದಾಗಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ತಿಳಿಸಿತು. ಪಂಜಾಬಿನ ಆ ರೈತನಿಧಿಯಂತೆ ಇದೂ ಮುಗಿಯಿತು. ಇಂಥ ಹೊತ್ತಿನಲ್ಲಿ ಸಂಘದ ಸಣ್ಣ ನಿಧಿಗೂ ದೊಡ್ಡ ಬೆಲೆ ಇದೆ, ಅದು ಸಮಯಕ್ಕೆ ಸಿಕ್ಕಿದರೆ. ಆದ್ದರಿಂದ ಎರಡು ಸಲಹೆ. ಒಂದು, ಪ್ರವೇಶ ಶುಲ್ಕದ ಸಹಾಯವನ್ನು ಜೂನ್, ಜುಲೈ ತಿಂಗಳಲ್ಲೇ ಕೊಡೋಣ. ಸಮಾರಂಭ ಯಾವಾಗ ಬೇಕಾದರೂ ಆಗಲಿ. ಎರಡು, ಮೆಡಿಕಲ್, ಇಂಜಿನಿಯರಿಂಗ್ ವಿದ್ಯಾರ್ಥಿಗಳಂತೆ ಮೂಲವಿಜ್ಞಾನ ಓದುವವರಿಗೂ, ಅದರಲ್ಲೂ ಹುಡುಗಿಯರಿಗೆ, ಒಂದಷ್ಟು ಪಾಲನ್ನು ಎತ್ತಿಡೋಣ. ಬೆಳಕಿನ ವಿಜ್ಞಾನಕ್ಕೆ ಪ್ರಯೋಗದ ತಳಹದಿ ಹಾಕಿದ ಬಸ್ರಾದ ಇಬ್ನುಲ್ ಹೈಸಮ್ ಅವರ ಹೆಸರನ್ನು ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ನಮ್ಮ ಊರಿನ ಮಕ್ಕಳಲ್ಲಿ ಒಬ್ಬರಾದರೂ ಸ್ಪೆಕ್ಟ್ರೋಮೀಟರಿನ ಮುಂದೆ ಕೂರುವಂತೆ ಮಾಡಿದರೆ ಆ ಮಾತಿಗೆ ಅರ್ಥ ಬರುತ್ತದೆ.

ವಿದ್ಯಾರ್ಥಿಗಳೇ, ದಿವ್ಯವಾಣಿಯ ಪ್ರಥಮ ಆಜ್ಞೆಯೇ ಓದುವುದು ಎಂದು ನೀವು ಮದ್ರಸಾದಲ್ಲಿ ಕಲಿತಿದ್ದೀರಿ. ಎಲ್ಲಿ ಓದಬೇಕು ಎಂಬುದನ್ನು ವಿಚಾರಿಸಿ ತಿಳಿಯುವುದು ನಿಮ್ಮ ಹೊಣೆ. ಈ ವರ್ಷ ಅರ್ಜಿ ತುಂಬುವ ಮೊದಲು ಆ ಐದು ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ, ಕಾಲೇಜಿಗೆ ಒಂದು ದಿನ ಹೋಗಿ ಬನ್ನಿ, ಪ್ರಯೋಗಾಲಯದ ಬಾಗಿಲು ತಟ್ಟಿ ನೋಡಿ. ಅಲ್ಲಾಹನು ನಿಮ್ಮ ಪ್ರಯತ್ನವನ್ನು ಸಫಲಗೊಳಿಸಲಿ, ಆಮೀನ್.